ಚೀನಾದ ಜೇಡ್ ಪಾತ್ರೆಗಳಲ್ಲಿ ಮೊಘಲ್ ಪ್ರಭಾವ: ಒಂದು ಮರುಚಿಂತನೆ

'ಪ್ರಭಾವ' ಎಂಬ ಪರಿಕಲ್ಪನೆಯು ಕೊಡುವ ಸಂಸ್ಕೃತಿ, ಪಡೆಯುವ ಸಂಸ್ಕೃತಿ ಎಂಬ ಎರಡು ನೆಲೆಗಳನ್ನು ಮೊದಲೇ ಗೃಹೀತ ಹಿಡಿಯುತ್ತದೆ. ಹದಿನೆಂಟನೆಯ ಶತಮಾನದ ಚೀನಾದ ಜೇಡ್ ಶಿಲೆಯ ಪಾತ್ರೆಗಳ ಮೇಲಿನ ಮೊಘಲ್ ಪ್ರಭಾವವನ್ನು ಈ ಚೌಕಟ್ಟಿನಲ್ಲಿಯೇ ವಿವರಿಸುವುದು ರೂಢಿಯಾಗಿದೆ. ಈ ವಿವರಣೆ ಅಪೂರ್ಣವಾದುದು.

ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿಯ (ಆಳ್ವಿಕೆ 1736-1795) ಸೇನೆಯು 1759ರ ವೇಳೆಗೆ ತಾರಿಮ್ ಪ್ರದೇಶವನ್ನು ವಶಪಡಿಸಿಕೊಂಡಿತು. ಅನಂತರ ಖೋತಾನಿನ ಕಚ್ಚಾ ಶಿಲೆಯಲ್ಲದೆ ಭಾರತದಲ್ಲಿ ಕೆತ್ತಿದ ಬಟ್ಟಲು, ತಟ್ಟೆಗಳೂ ಬೀಜಿಂಗ್ ಅರಮನೆಯನ್ನು ಹೆಚ್ಚಾಗಿ ಸೇರತೊಡಗಿದವು. ಚಕ್ರವರ್ತಿಯು ಇವನ್ನು 'ಹಿಂದೂಸ್ಥಾನದ ಜೇಡ್' ಎಂದು ಕರೆದು, ಹಲವುಗಳ ಮೇಲೆ ತನ್ನ ಪದ್ಯಗಳನ್ನು ಕೆತ್ತಿಸಿದನು. ಮಧ್ಯ ಏಷ್ಯಾ ಮತ್ತು ಆಟೊಮನ್ ಮೂಲದ ಪಾತ್ರೆಗಳೂ ಈ ಹೆಸರಿನಡಿ ಸೇರಿಹೋದವು. ಕಾಗದದಷ್ಟು ತೆಳುವಾದ ಮೈ, ಹೂದಳಗಳಂತೆ ಅರಳಿದ ಪಾದ, ಅಕಾಂಥಸ್ ಎಲೆ, ಮೊಗ್ಗಿನ ಹಿಡಿಕೆ, ಕುಂದಣದಲ್ಲಿ ಕೂರಿಸಿದ ಹರಳು ಇವೆಲ್ಲವೂ ಚೀನಾದ ಕಾರ್ಯಾಗಾರಗಳಲ್ಲಿ ಅನುಕರಣೆಗೆ ಒಳಗಾದವು.

ಆದರೆ ಮೊಘಲ್ ಕುಶಲಕರ್ಮಿಗಳು ಬಳಸಿದ ಶಿಲೆಯೂ ಮುಖ್ಯವಾಗಿ ಖೋತಾನಿನದೇ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, ಷಹಜಹಾನನಿಗಾಗಿ 1657ರಲ್ಲಿ ಸಿದ್ಧವಾದ ಬಿಳಿ ಜೇಡ್ ಪಾನಪಾತ್ರೆಯು ಇಲ್ಲಿ ಗಮನಾರ್ಹ. ಅದರ ತಳದಲ್ಲಿ ತಾವರೆಯ ದಳಗಳಿವೆ, ಹಿಡಿಕೆಯು ಆಡಿನ ತಲೆಯಾಗಿದೆ. ಅರ್ಧ ಸೋರೆಬುರುಡೆಯ ಆಕಾರವನ್ನಾದರೋ ವಿದ್ವಾಂಸರು ಚೀನೀ ಪರಂಪರೆಗೆ ಸಂಬಂಧಿಸುತ್ತಾರೆ. ಅಂದರೆ, ಭಾರತದಿಂದ ಚೀನಾಕ್ಕೆ ಹೋದ ಶೈಲಿಯಲ್ಲಿ ಚೀನಾದಿಂದ ಬಂದ ಅಂಶವೂ ಬೆರೆತಿತ್ತು.

ಹಿಂದೂಸ್ಥಾನದ ಕುಶಲಕರ್ಮಿಗಳು ಕೇವಲ ನೀರಿನಿಂದಲೇ ಜೇಡ್ ಶಿಲೆಯನ್ನು ತೇಯುತ್ತಾರೆಂದು ಚಕ್ರವರ್ತಿಯು ನಂಬಿದ್ದನು. ಇದು ವಾಸ್ತವವಲ್ಲ, ಸಾಣೆಚಕ್ರ ಮತ್ತು ಗಡಸು ಪುಡಿಯಿಲ್ಲದೆ ಈ ಶಿಲೆಗೆ ರೂಪ ಕೊಡಲಾಗದು. ದೂರದೇಶದ ಕಸುಬುದಾರನಿಗೆ ಅತಿಮಾನುಷ ಕೌಶಲವನ್ನು ಆರೋಪಿಸುವ ಐತಿಹ್ಯದ ಲಕ್ಷಣಗಳು ಈ ನಂಬಿಕೆಯಲ್ಲಿವೆ. ಅರಮನೆ ಐತಿಹ್ಯವನ್ನು ಪದ್ಯವಾಗಿಸಿತು. ಅದೇ ತೆಳುವನ್ನು ಸಾಧಿಸಬೇಕಾದ ಕುಶಲಕರ್ಮಿಗೆ ತನ್ನ ಚಕ್ರ, ಪುಡಿಗಳೇ ಗತಿಯಾದವು.

ಪಾತ್ರೆಯ ಮೇಲೆ ಉಳಿದದ್ದು ದೊರೆಯ ಮಾತು. ಅದನ್ನು ಮಾಡಿದವನ ಹೆಸರು ಎರಡೂ ದೇಶಗಳಲ್ಲಿ ಬಹುಮಟ್ಟಿಗೆ ಅಳಿದಿದೆ. ಆಸ್ಥಾನದ ಬರಹವನ್ನೇ ಪ್ರಮಾಣವಾಗಿ ಹಿಡಿಯುವ ಅಧ್ಯಯನವು ಕಸುಬಿನ ಚರಿತ್ರೆಯನ್ನು ಮೆಚ್ಚುಗೆಯ ಚರಿತ್ರೆಯಾಗಿಸುತ್ತದೆ. ಅಂಚಿನ ದಪ್ಪ, ಉಪಕರಣದ ಗುರುತು, ಹೊಳಪಿನ ಬಗೆ ಇವುಗಳನ್ನು ಪದ್ಯದಷ್ಟೇ ಎಚ್ಚರದಿಂದ ಓದಿದಾಗ ಮಾತ್ರ, ಪ್ರಭಾವವೆಂದು ಕರೆಯಲಾದುದು ಒಂದೇ ಶಿಲೆಯನ್ನು ತೇಯ್ದ ಎರಡು ಕಸುಬುಗಳ ನಡುವಣ ಕೊಡುಕೊಳೆಯೆಂಬುದು ಸ್ಪಷ್ಟವಾಗುತ್ತದೆ.