‘ಕರೆಂಟ್ ಕೊಡೋದು’ ಸಿನಿಮಾದಲ್ಲಿ ಯಾಕೆ ಬರಲ್ಲ?

ನಮ್ಮ ಸಿನಿಮಾದ ಕ್ಯಾನ್ಸರ್‌ಗೆ ಒಂದು ರೆಡಿಮೇಡ್ ಮೇಕಪ್ ಇದೆ. ಮೊದಲು ಕೆಮ್ಮು, ಕರ್ಚೀಫಿನಲ್ಲಿ ರಕ್ತ. ಆಮೇಲೆ ಕನ್ನಡಕ ತೆಗೆದು ‘ಇನ್ನು ಕೆಲವೇ ತಿಂಗಳು’ ಅನ್ನುವ ಡಾಕ್ಟರು. ಕೊನೆಗೊಂದು ಹಾಡು. 1971ರ ಹಿಂದಿ ‘ಆನಂದ್’ನಲ್ಲಿ ರಾಜೇಶ್ ಖನ್ನಾ ನಗುನಗುತ್ತಲೇ ಸತ್ತರು, ನಂತರದ ಕಥೆಗಳು ಹೆಚ್ಚೆಂದರೆ ನಾಯಕಿಯ ತಲೆ ಬೋಳಿಸಿದವು. ಸಾವಿದೆ, ಪ್ರೇಮ ಇದೆ, ಕಿಮೋ ಕೂಡ ಇದೆ. ರೇಡಿಯೇಷನ್ ಮಾತ್ರ ಹುಡುಕಿದರೂ ಸಿಗೋದು ಕಷ್ಟ.

ಯಾಕಂದ್ರೆ ಕ್ಯಾಮೆರಾಗೆ ಅಲ್ಲಿ ತೆಗೆಯೋಕೆ ಏನೂ ಇಲ್ಲ. ರೋಗಿ ಮೇಜಿನ ಮೇಲೆ ಅಲುಗಾಡದೆ ಮಲಗಬೇಕು. ಉಳಿದವರು ಹೊರಗೆ ಹೋಗಿ ದಪ್ಪ ಬಾಗಿಲು ಹಾಕ್ಕೋತಾರೆ. ಯಂತ್ರ ಸುತ್ತುತ್ತೆ, ಒಂದಷ್ಟು ಸದ್ದು. ಆ ಹೊತ್ತಿಗೆ ನೋವಿಲ್ಲ, ಕಿರಣ ಕಣ್ಣಿಗೆ ಕಾಣಲ್ಲ. ಹತ್ತು ಹದಿನೈದು ನಿಮಿಷಕ್ಕೆ ಮುಗೀತು, ನಾಳೆ ಮತ್ತೆ ಬನ್ನಿ.

ಕಥೆ ಇರೋದು ಆ ‘ನಾಳೆ ಮತ್ತೆ ಬನ್ನಿ’ಯಲ್ಲಿ. ಕಿರಣ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಮುರಿಯುತ್ತೆ, ಪಕ್ಕದ ಒಳ್ಳೆ ಕೋಶದ್ದನ್ನೂ ಮುರಿಯುತ್ತೆ. ಒಳ್ಳೆ ಕೋಶ ರಾತ್ರಿ ಕಳೆಯುವಷ್ಟರಲ್ಲಿ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತೆ, ಕ್ಯಾನ್ಸರ್ ಕೋಶಕ್ಕೆ ಅದು ಅಷ್ಟು ಚೆನ್ನಾಗಿ ಬರಲ್ಲ. ಅದಕ್ಕೇ ದಿನಕ್ಕಿಷ್ಟು ಅಂತ ಸಣ್ಣ ಸಣ್ಣ ಡೋಸು. ಗರ್ಭಕಂಠದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ 25 ಸಲ, ಆಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಎಲ್ಲ ಸೇರಿ ಎಂಟು ವಾರದೊಳಗೆ ಮುಗೀಬೇಕು. ಎಳೆದಷ್ಟೂ ಗಡ್ಡೆ ಚೇತರಿಸಿಕೊಳ್ಳುತ್ತೆ.

ಈಗ ಬಿಸಿಲೆಗೆ ಬನ್ನಿ. ವೀಕೆಂಡಿಗೆ ಬೈಕ್ ಹತ್ತಿ ಹೋಗ್ತೀರಲ್ಲ, ಕುಮಾರಪರ್ವತ ಕಾಣುವ ವ್ಯೂ ಪಾಯಿಂಟಿನಲ್ಲಿ ಫೋಟೊ ತೆಗೆಸಿಕೊಂಡು ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ? ಅದೇ ಬಿಸಿಲೆ. ಬೆಂಗಳೂರಿನಿಂದ ಸಕಲೇಶಪುರಕ್ಕೇ ಸುಮಾರು 220 ಕಿ.ಮೀ., ಅದರ ಮೇಲೆ ಕಾಡುದಾರಿ. ನಮಗದು ರೈಡು. ಅಲ್ಲಿ ಕಾಫಿ ತೋಟದಲ್ಲಿ ದಿನಗೂಲಿ ಮಾಡುವ ಹೆಂಗಸೊಬ್ಬಳನ್ನು ಇದೇ ದಾರಿಯಲ್ಲಿ ಉಲ್ಟಾ ಕಳಿಸಿ ನೋಡಿ. ಬೆಳಿಗ್ಗೆ ಹೋಗಿ ಸಂಜೆ ಬರೋ ಮಾತೇ ಇಲ್ಲ. ಐದಾರು ವಾರ ಊರು ಬಿಡಬೇಕು, ಜೊತೆಗೊಬ್ಬರು ಬೇಕು, ಇಬ್ಬರ ಕೂಲಿಯೂ ಹೋಯ್ತು. ಚಿಕಿತ್ಸೆಯ ಖರ್ಚನ್ನು ಸರ್ಕಾರದ ಯೋಜನೆ ನೋಡಿಕೊಂಡರೂ, ರೈಲ್ವೆಯವರು ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪುಕ್ಕಟೆ ಕೊಟ್ಟರೂ, ಮನೇಲಿ ಹಸು ಕರೆಯೋರು ಯಾರು? ‘ಸ್ವಲ್ಪ ವಾಸಿ ಅನ್ಸುತ್ತೆ, ಹಬ್ಬ ಮುಗಿಸಿ ಬರ್ತೀನಿ’ ಅನ್ನೋದು ಇಲ್ಲಿಂದಲೇ ಹುಟ್ಟೋದು. ಇದಕ್ಕಿಂತ ಸಸ್ಪೆನ್ಸ್ ಬೇಕಾ ಚಿತ್ರಕಥೆಗೆ?

ಭಾಷೆಯ ಮೇಲೂ ನನಗೊಂದು ತಕರಾರಿದೆ. 1973ರಲ್ಲಿ ಶುರುವಾದ ಕಿದ್ವಾಯಿಯ ಹೆಸರು ಎಷ್ಟೋ ಹಳ್ಳಿಗಳಲ್ಲಿ ಕಾಯಿಲೆಗೇ ಇನ್ನೊಂದು ಹೆಸರಾಗಿದೆ. ಅಲ್ಲಿ ನಡೆಯೋದನ್ನ ಮಾತ್ರ ಜನ ‘ಕರೆಂಟ್ ಕೊಡೋದು’ ಅಂತಾರೆ. ಕೇಳಿದ ತಕ್ಷಣ ಶಾಕ್ ನೆನಪಾಗುತ್ತೆ. ಮೈಗೆ ಕರೆಂಟ್ ಹರಿಸೋದೇ ಇಲ್ಲ, ಹರಿಯೋದೆಲ್ಲ ಯಂತ್ರದೊಳಗೆ. ಹೊರಗಿನಿಂದ ಕಿರಣ ಕೊಟ್ಟ ಮೇಲೆ ಮೈಯಲ್ಲಿ ಏನೂ ಉಳಿಯಲ್ಲ, ಆಕೆ ಸಂಜೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಹಾಗಂತ ಸುಖ ಅಂತಲೂ ಅಲ್ಲ: ಸುಸ್ತು, ಭೇದಿ, ಚರ್ಮ ಕಪ್ಪಾಗೋದು ಎಲ್ಲ ಇದೆ. ಇದಕ್ಕೆ ಬದಲು ಪುಸ್ತಕದವರು ಕೊಟ್ಟಿರೋ ಪದ ‘ವಿಕಿರಣ ಚಿಕಿತ್ಸೆ’. ಹೆದರಿಸಲ್ಲ ಸರಿ, ಏನನ್ನೂ ಹೇಳೋದೂ ಇಲ್ಲ. ಎರಡರಲ್ಲಿ ನನಗೆ ಕರೆಂಟೇ ವಾಸಿ, ಕನಿಷ್ಠ ಅದನ್ನ ಜನ ಬಾಯಲ್ಲಿ ಆಡ್ತಾರೆ. ಅದರ ಅರ್ಥ ತಿದ್ದುವ ಕೆಲಸವನ್ನು ಒಂದು ಒಳ್ಳೆ ಸಿನಿಮಾ ಎರಡೂವರೆ ಗಂಟೆಯಲ್ಲಿ ಮಾಡಬಹುದಿತ್ತು.

ವಿಜ್ಞಾನಿಗಳಿಗೆ ಈ ದೂರದ ಬಿಸಿ ನಮ್ಮ ನಿರ್ದೇಶಕರಿಗಿಂತ ಮೊದಲೇ ತಟ್ಟಿದೆ. ಸ್ತನ ಕ್ಯಾನ್ಸರ್‌ಗೆ ಹಿಂದೆ 25 ಸಲ ಕೊಡುತ್ತಿದ್ದದ್ದು 15ಕ್ಕೆ ಇಳಿಯಿತು. 2020ರಲ್ಲಿ ಬ್ರಿಟನ್ನಿನ ಫಾಸ್ಟ್ ಫಾರ್ವರ್ಡ್ ಪ್ರಯೋಗ, ಆರಂಭದ ಹಂತದಲ್ಲಿ ಒಂದೇ ವಾರಕ್ಕೆ ಐದು ಸಲವೂ ಸಾಕಾಗಬಹುದು ಅಂತ ತೋರಿಸಿತು. ಐದು ವಾರದ ಬದಲು ಒಂದು ವಾರ ಅಂದರೆ ಸಕಲೇಶಪುರದ ಕಡೆಯ ಮನೆಯೊಂದು ಹೇಗೋ ಹೊಂದಿಸಿಕೊಂಡೀತು. ಗರ್ಭಕಂಠಕ್ಕೆ ಮಾತ್ರ ಆ ಇಪ್ಪತ್ತೈದೇ ಈಗಲೂ ರೂಢಿ.