ಕ್ಷಿಪ್ರ ಹೌದು, ಕ್ರಾಂತಿ ಹೇಗೆ?

ಯಾವುದಾದರೊಂದು ದೇಶದಲ್ಲಿ ಸೇನೆ ರಾತ್ರೋರಾತ್ರಿ ಸರಕಾರವನ್ನು ಉರುಳಿಸಿದರೆ ಮರುದಿನ ನಮ್ಮ ಕನ್ನಡ ಪತ್ರಿಕೆಗಳು ಅದನ್ನು ‘ಕ್ಷಿಪ್ರಕ್ರಾಂತಿ’ ಎಂದು ಕರೆಯುತ್ತವೆ. ಈ ಪದ ಯಾರಿಗೂ ಚುಚ್ಚುವುದಿಲ್ಲ. ಆದರೆ ಸ್ವಲ್ಪ ನಿಂತು ಯೋಚಿಸಬೇಕು. ಕ್ರಾಂತಿ ಎಂಬ ಪದಕ್ಕೆ ನಮ್ಮಲ್ಲೊಂದು ಗೌರವವಿದೆ. ಹನ್ನೆರಡನೇ ಶತಮಾನದ ಶರಣರ ಚಳವಳಿಯನ್ನು ಕಲ್ಯಾಣ ಕ್ರಾಂತಿ ಎನ್ನುತ್ತೇವೆ. ಹೊಲದಲ್ಲಿ ಬೆಳೆ ಹೆಚ್ಚಿದರೆ ಹಸಿರು ಕ್ರಾಂತಿ, ಹಾಲು ಹೆಚ್ಚಿದರೆ ಕ್ಷೀರಕ್ರಾಂತಿ. ಜನ ಎದ್ದು ನಿಂತು ಬದುಕನ್ನು ಬದಲಿಸಿಕೊಂಡದ್ದಕ್ಕೆ ಇಟ್ಟ ಹೆಸರನ್ನೇ, ಜನರನ್ನು ಮನೆಯೊಳಗೆ ಕೂಡಿಹಾಕಿ ಕುರ್ಚಿ ಹಿಡಿದ ಜನರಲ್‌ಗೂ ಕೊಡುವುದು ಯಾವ ನ್ಯಾಯ?

ಇದು ಬರೀ ಪದದ ಜಗಳ ಎಂದು ತಳ್ಳಿಹಾಕುವಂತಿಲ್ಲ. ಹೆಸರಿನ ಮಹತ್ವ ಸೇನಾಡಳಿತಗಾರರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬರ್ಮಾವನ್ನೇ ನೋಡಿ. 1988ರಲ್ಲಿ ಅಲ್ಲಿನ ಸೇನಾ ಸಮಿತಿ ತನ್ನನ್ನು ‘ಕಾನೂನು ಸುವ್ಯವಸ್ಥೆ ಪುನಃಸ್ಥಾಪನಾ ಮಂಡಳಿ’ ಎಂದು ಕರೆದುಕೊಂಡಿತು. 1997ರಲ್ಲಿ ಅದೇ ‘ಶಾಂತಿ ಮತ್ತು ಅಭಿವೃದ್ಧಿ ಮಂಡಳಿ’ಯಾಯಿತು. 2021ರ ಫೆಬ್ರವರಿ 1ರಂದು ಚುನಾಯಿತ ನಾಯಕರನ್ನು ಸೆರೆ ಹಿಡಿದ ಸೇನೆ ‘ರಾಜ್ಯಾಡಳಿತ ಮಂಡಳಿ’ ರಚಿಸಿತು. 2025ರ ಜುಲೈ ಕೊನೆಗೆ ಅದನ್ನು ವಿಸರ್ಜಿಸಿ ‘ಭದ್ರತೆ ಮತ್ತು ಶಾಂತಿ ಆಯೋಗ’ ಮಾಡಿದಾಗಲೂ ಮೇಲೆ ಕುಳಿತವರು ಅದೇ ಜನರಲ್ ಮಿನ್ ಆಂಗ್ ಹ್ಲೈಂಗ್. ಪಾಕಿಸ್ತಾನದಲ್ಲಿ 1999ರಲ್ಲಿ ಅಧಿಕಾರ ಕಿತ್ತುಕೊಂಡ ಪರ್ವೇಜ್ ಮುಷರಫ್ ಮೊದಲಿಗೆ ತಮಗಿಟ್ಟುಕೊಂಡ ಪದವಿ ‘ಚೀಫ್ ಎಕ್ಸಿಕ್ಯೂಟಿವ್’. ದೇಶವೊಂದು ಕಂಪೆನಿಯಾದರೆ ಪ್ರಜೆಗಳು ಏನಾದರು ಎಂದು ಯಾರೂ ಕೇಳಲಿಲ್ಲ.

ಇದೆಲ್ಲ ಹೊರದೇಶದ ಕತೆ, ನಮಗೇಕೆ ಎನ್ನುವವರಿದ್ದಾರೆ. ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಕಡೆ ಪಾಳಿ ಮುಗಿಸಿ ಬರುವವರ ನಡುವೆ ನಿಂತರೆ ಉತ್ತರ ಸಿಗುತ್ತದೆ. ರಾಜಕಾರಣಿಗಳ ಮಾತು ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಒಂದು ಹತ್ತು ವರ್ಷ ಮಿಲಿಟ್ರಿ ಕೈಗೆ ಕೊಟ್ಟರೆ ದೇಶ ನೆಟ್ಟಗಾಗುತ್ತೆ ಬಿಡಿ.’ ಓದಿದವರೂ ಇದನ್ನು ಹೇಳುತ್ತಾರೆ. ಮಾತಿನ ಹಿಂದಿನ ಬೇಸರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂತಹ ಆಡಳಿತವನ್ನು ಈ ಮಣ್ಣು ಕಾಣದೆ ಇದ್ದಿಲ್ಲ. ಅದನ್ನು ಮರೆಸಿದ್ದು ನಮ್ಮ ಇತಿಹಾಸ ಬರವಣಿಗೆಯ ನಯವಾದ ಭಾಷೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹತರಾದರು. ಅನಂತರ ಮೈಸೂರಿನ ಭವಿಷ್ಯವನ್ನು ತೀರ್ಮಾನಿಸಲು ಗವರ್ನರ್ ಜನರಲ್ ನೇಮಿಸಿದ್ದು ಐವರ ಆಯೋಗ. ಜನರಲ್ ಹ್ಯಾರಿಸ್, ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ, ಲೆಫ್ಟಿನೆಂಟ್ ಕರ್ನಲ್‌ಗಳಾದ ಕರ್ಕ್‌ಪ್ಯಾಟ್ರಿಕ್ ಮತ್ತು ಬ್ಯಾರಿ ಕ್ಲೋಸ್. ಐವರಲ್ಲಿ ನಾಲ್ವರು ಸೇನಾಧಿಕಾರಿಗಳು, ಇಬ್ಬರು ಗವರ್ನರ್ ಜನರಲ್‌ನ ಸ್ವಂತ ತಮ್ಮಂದಿರು. ಕಾರ್ಯದರ್ಶಿಗಳಾದ ಮಾಲ್ಕಮ್ ಮತ್ತು ಮನ್ರೋ ಕೂಡ ಸೇನೆಯ ಕ್ಯಾಪ್ಟನ್‌ಗಳೇ. ಜೂನ್ 22ರಂದು ರಾಜ್ಯವನ್ನು ಹಂಚುವ ಒಪ್ಪಂದವಾಯಿತು. ಕೆನರಾ, ಕೊಯಮತ್ತೂರು ಕಂಪೆನಿಗೆ ಹೋದವು, ಇನ್ನೊಂದು ಭಾಗ ನಿಜಾಮನಿಗೆ. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಲಾಯಿತು. ಮೊದಲು ಹಂಚಿಕೆ, ಆಮೇಲೆ ರಾಜ.

ಅದು ಯುದ್ಧ, ಕ್ಷಿಪ್ರಕ್ರಾಂತಿಯಲ್ಲ ಎಂಬ ಆಕ್ಷೇಪ ಸರಿಯೇ. ಹಾಗಾದರೆ 1831ಕ್ಕೆ ಬನ್ನಿ. ಆಗ ಯುದ್ಧವಿರಲಿಲ್ಲ. ನಗರದ ರೈತರ ದಂಗೆಯನ್ನೂ ದುರಾಡಳಿತವನ್ನೂ ಕಾರಣವಾಗಿ ತೋರಿಸಿ, ಒಪ್ಪಂದದ ಪ್ರಕಾರ ಅರಸರನ್ನು ರಕ್ಷಿಸಬೇಕಾಗಿದ್ದ ಕಂಪೆನಿಯೇ ಅವರ ಕೈಯಿಂದ ಆಡಳಿತವನ್ನು ಕಸಿದುಕೊಂಡಿತು. ಪರಿಸ್ಥಿತಿ ವರದಿಯಾದಷ್ಟು ಕೆಟ್ಟಿರಲಿಲ್ಲ ಎಂದು ಆಮೇಲೆ ಕಂಪೆನಿಯದೇ ತನಿಖಾ ಸಮಿತಿ ಹೇಳಿತು. ಆ ಸಮಿತಿಯಲ್ಲಿ ಮಾರ್ಕ್ ಕಬ್ಬನ್ ಕೂಡ ಇದ್ದ. ಅದೇ ಕಬ್ಬನ್ 1834ರಿಂದ 1861ರವರೆಗೆ, ಇಪ್ಪತ್ತೇಳು ವರ್ಷ, ಮೈಸೂರನ್ನು ಆಳಿದ. ಆತ ಮದರಾಸು ಸೇನೆಯ ಅಧಿಕಾರಿ. ಸರಿಪಡಿಸಲು ಬಂದವರು ಹಿಂದಿರುಗಿ ಕೊಟ್ಟದ್ದು 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಬಳಿಕ. ರಾಜ್ಯವನ್ನು ಮರಳಿ ಕೇಳುತ್ತಲೇ ಮುಮ್ಮಡಿಯವರು 1868ರಲ್ಲಿ ತೀರಿಕೊಂಡಿದ್ದರು. 1977ರಲ್ಲಿ ತೊಂಬತ್ತು ದಿನಗಳಲ್ಲಿ ಚುನಾವಣೆ ಎಂದ ಜಿಯಾ ಉಲ್ ಹಕ್ 1988ರಲ್ಲಿ ಸಾಯುವವರೆಗೂ ಅಧಿಕಾರ ಬಿಡಲಿಲ್ಲ. ಕಾಲ ಬೇರೆ, ಜಾಡು ಒಂದೇ.

ನಮ್ಮ ಪಠ್ಯಗಳು ಈ ಐವತ್ತು ವರ್ಷಗಳನ್ನು ‘ಕಮಿಷನರುಗಳ ಆಳ್ವಿಕೆ’ ಎಂದು ಕರೆದು, ರಸ್ತೆ, ಸೇತುವೆ, ರೈಲಿನ ಪಟ್ಟಿ ಕೊಟ್ಟು ಮುಗಿಸುತ್ತವೆ. ರಸ್ತೆಗಳಾದದ್ದು ನಿಜ. ಬೆಂಗಳೂರಿಗೆ 1864ರಲ್ಲಿ ರೈಲು ಬಂದದ್ದೂ ನಿಜ. ಕಬ್ಬನ್ ದಕ್ಷನಾಗಿದ್ದ, ಸ್ವಂತಕ್ಕೆ ದೋಚಿಕೊಂಡವನಲ್ಲ ಎಂಬುದನ್ನೂ ಒಪ್ಪೋಣ. ಆದರೆ ಪ್ರಶ್ನೆ ಬೇರೆ. ಆತ ಕೆಟ್ಟವನಾಗಿದ್ದಿದ್ದರೆ ಮೈಸೂರಿನ ರೈತ ಯಾವ ಬಾಗಿಲು ತಟ್ಟಬೇಕಿತ್ತು? ಒಳ್ಳೆಯ ಅಧಿಕಾರಿ ಸಿಕ್ಕಿದ್ದು ಅದೃಷ್ಟ. ಅದೃಷ್ಟದ ಮೇಲೆ ನಿಂತದ್ದನ್ನು ಆಡಳಿತ ಪದ್ಧತಿ ಎನ್ನಲಾಗದು.

ಇಲ್ಲಿ ನಮ್ಮ ಓದುಗರಲ್ಲಿ ಕೆಲವರಿಗೆ ರುಚಿಸದ ಮಾತನ್ನೂ ಹೇಳಬೇಕು. ಮೈಸೂರಿನಲ್ಲಿ ಸೇನಾನಿಗಳು ಅಧಿಕಾರ ಹಿಡಿಯುವುದನ್ನು ಆಂಗ್ಲರು ಕಲಿಸಲಿಲ್ಲ. 1734ರಲ್ಲಿ ದಳವಾಯಿಗಳು ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. 1761ರಲ್ಲಿ ಅದೇ ಸೇನೆಯಲ್ಲಿ ಬೆಳೆದ ಹೈದರಲಿ ಅಧಿಕಾರ ವಹಿಸಿಕೊಂಡರು. ಒಡೆಯರು ಸಿಂಹಾಸನದಲ್ಲಿ ಉಳಿದರು, ಆಳ್ವಿಕೆ ಉಳಿಯಲಿಲ್ಲ. ಹೈದರಲಿಯ ಶೌರ್ಯ, ಸಾಮರ್ಥ್ಯಗಳನ್ನು ಮೆಚ್ಚುವ ನಾವು ಅವರು ಅಧಿಕಾರಕ್ಕೆ ಬಂದ ದಾರಿಯನ್ನು ಮರೆತರೆ, ರಸ್ತೆ ತೋರಿಸಿ ಕಬ್ಬನ್‌ನನ್ನು ಹೊಗಳುವವರಿಗೆ ಉತ್ತರ ಹೇಳುವ ಹಕ್ಕು ನಮಗಿರುವುದಿಲ್ಲ. ಧರ್ಮ, ಜಾತಿ, ಮೈಬಣ್ಣ ನೋಡಿ ಬದಲಾಗುವ ಅಳತೆಗೋಲು ಅಳತೆಗೋಲೇ ಅಲ್ಲ. ರಾಜರ ಕಾಲಕ್ಕೆ ಇಂದಿನ ಪ್ರಜಾಪ್ರಭುತ್ವದ ಮಾನದಂಡ ಹಚ್ಚಬಾರದು ಎನ್ನುವುದಾದರೆ ಅದು ಎಲ್ಲರಿಗೂ ಅನ್ವಯಿಸಲಿ.

ಕಮಿಷನರುಗಳ ಆಡಳಿತ ಮುಗಿದ ವರ್ಷದಲ್ಲೇ, 1881ರ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಬಂದವರು 144 ಮಂದಿ, ಹೆಚ್ಚಿನವರು ಜಮೀನು, ವ್ಯಾಪಾರವುಳ್ಳವರು. ಅವರಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ದಿವಾನರು ಆಡಳಿತದ ವರದಿ ಓದಿದರು, ಅವರು ಕೇಳಿದರು, ತಮ್ಮ ಊರಿನ ಕಷ್ಟ ಹೇಳಿಕೊಂಡರು. ಇಷ್ಟೇ. ಆದರೂ ಆಳುವವನು ಪ್ರಜೆಗಳ ಎದುರು ನಿಂತು ಲೆಕ್ಕ ಒಪ್ಪಿಸುವ ರೂಢಿ ಅಲ್ಲಿ ಶುರುವಾಯಿತು. ಐವತ್ತು ವರ್ಷಗಳ ದಕ್ಷ ಆಡಳಿತ ಕೊಡದಿದ್ದದ್ದು ಇದನ್ನೇ.

ಮಿಲಿಟ್ರಿ ಬರಲಿ ಎನ್ನುವ ಗೆಳೆಯರಿಗೆ ನಾವು ಕೇಳುವುದಿಷ್ಟು: ಇಂದು ಶಾಸಕನನ್ನು ಬೈಯುತ್ತೀರಿ, ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇನೆ ಎನ್ನುತ್ತೀರಿ. ಜನರಲ್‌ಗೆ ಹಾಗೆ ಹೇಳಬಲ್ಲಿರಾ? ನಮ್ಮ ಪತ್ರಕರ್ತ ಮಿತ್ರರಿಗೂ ಒಂದು ವಿನಂತಿ. ಸೇನೆ ಅಧಿಕಾರ ಕಸಿದರೆ ‘ಸೇನೆಯಿಂದ ಅಧಿಕಾರ ಅಪಹರಣ’ ಎಂದೇ ಬರೆಯಿರಿ. ತಲೆಬರಹದಲ್ಲಿ ಎರಡು ಅಕ್ಷರ ಹೆಚ್ಚಾದರೂ ಅಡ್ಡಿಯಿಲ್ಲ, ಓದುಗನಿಗೆ ನಡೆದದ್ದೇನೆಂದು ತಿಳಿಯುತ್ತದೆ.