ರಾಜಾಜಿಗೆ ಶಾಂತಿ ಪ್ರಶಸ್ತಿ: ಯಾವ ಲೆಕ್ಕಕ್ಕೆ?

ರಾಜಾಜಿನಗರದವರಿಗೆ ರಾಜಾಜಿ ಎಂದರೆ ಒಂದು ವಿಳಾಸ. ಮೆಟ್ರೊ ನಿಲ್ದಾಣ, ವಿಧಾನಸಭಾ ಕ್ಷೇತ್ರ, ದರ್ಶಿನಿ, ಚಪ್ಪಲಿ ಅಂಗಡಿ ಎಲ್ಲದರ ಮೇಲೂ ಆ ಹೆಸರಿದೆ. ಹೆಸರಿನ ಒಡೆಯ ಯಾರೆಂದು ಕೇಳಿದರೆ ಹಿರಿಯರು ‘ಕೊನೆಯ ಗವರ್ನರ್ ಜನರಲ್’ ಎಂದು ಮಾತು ಮುಗಿಸುತ್ತಾರೆ. 1949ರಲ್ಲಿ ಈ ಕೈಗಾರಿಕಾ ಬಡಾವಣೆಗೆ ಅವರೇ ಬಂದು ಅಡಿಗಲ್ಲಿಟ್ಟರು, ಅವರ ಹೆಸರೇ ಊರಿಗೆ ನಿಂತಿತು. ಹೊಸೂರು ಸೀಮೆಯ ತೊರಪಳ್ಳಿಯಲ್ಲಿ ಹುಟ್ಟಿ ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. ಅಡ್ಡರಸ್ತೆಯ ಬೋರ್ಡಿಗಿಂತ ಹೆಚ್ಚಿನ ವಿಚಾರಣೆಗೆ ಯೋಗ್ಯರು.

ವಿಚಾರಣೆಗೆ ಕಾರಣವೂ ಇದೆ. 1995ರಲ್ಲಿ ಆರಂಭವಾದ ಗಾಂಧಿ ಶಾಂತಿ ಪ್ರಶಸ್ತಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ಇಬ್ಬರು ದಿವಂಗತರಿಗೆ ಘೋಷಿಸಿತು: 2019ರ ಸಾಲಿನದು ಒಮಾನಿನ ಸುಲ್ತಾನ್ ಕಾಬೂಸ್‌ಗೆ, 2020ರದು ಬಾಂಗ್ಲಾದೇಶದ ಶೇಖ್ ಮುಜಿಬುರ್ ರಹಮಾನ್‌ಗೆ. ಒಬ್ಬ ಅರಸನಿಗೆ ಸಿಗುವ ಗಾಂಧಿ ಹೆಸರಿನ ಪ್ರಶಸ್ತಿ ಗಾಂಧಿಯ ಬೀಗರಿಗೆ ಸಿಗಬಾರದೇ? ಬೀಗರೆಂಬ ಕಾರಣಕ್ಕೆ ಖಂಡಿತ ಬೇಡ. ಮಾಡಿದ ಕೆಲಸ ನೋಡೋಣ.

ರಾಜಾಜಿಯ ಪರ ವಾದಿಸುವವರು ಮೊದಲು ಎತ್ತುವುದು ವಾಷಿಂಗ್ಟನ್ ಯಾತ್ರೆಯನ್ನು. ರಷ್ಯಾ 1961ರ ಸೆಪ್ಟೆಂಬರಿನಲ್ಲಿ, ಅಮೆರಿಕ ಮರುವರ್ಷದ ಏಪ್ರಿಲ್‌ನಲ್ಲಿ ವಾತಾವರಣದಲ್ಲಿ ಅಣುಬಾಂಬ್ ಪರೀಕ್ಷೆಗಳನ್ನು ಮತ್ತೆ ಶುರುಮಾಡಿದ್ದವು. 1962ರ ಸೆಪ್ಟೆಂಬರ್ 28ರಂದು ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದೊಂದಿಗೆ ರಾಜಾಜಿ ಅಧ್ಯಕ್ಷ ಕೆನಡಿಯನ್ನು ಕಂಡರು. ಆಗ ಅವರಿಗೆ 83 ವರ್ಷ. ಜೊತೆಗಿದ್ದ ಇಬ್ಬರೂ ನಮ್ಮವರು: ‘ವಚನಶಾಸ್ತ್ರ ರಹಸ್ಯ’ ಬರೆದ ಧಾರವಾಡ ಸೀಮೆಯ ಆರ್.ಆರ್. ದಿವಾಕರ, ಮಂಗಳೂರು ಮೂಲದ ಪತ್ರಕರ್ತ ಬೆನಗಲ್ ಶಿವರಾವ್. ರಷ್ಯಾದ ಒಪ್ಪಿಗೆಗೆ ಕಾಯದೆ ನೀವೇ ಮೊದಲು ಪರೀಕ್ಷೆ ನಿಲ್ಲಿಸಿ ಎಂಬುದು ರಾಜಾಜಿ ವರ್ಷಗಳಿಂದ ಹೇಳುತ್ತ ಬಂದಿದ್ದ ಮಾತು.

ಅಮೆರಿಕ ನಿಲ್ಲಿಸಲಿಲ್ಲ. ಮೂರು ವಾರ ಕಳೆಯುವುದರಲ್ಲಿ ಕ್ಯೂಬಾದ ಕ್ಷಿಪಣಿಗಳು ಪತ್ತೆಯಾದವು, ಅದೇ ಅಕ್ಟೋಬರ್ 20ಕ್ಕೆ ಚೀನಾ ನಮ್ಮ ಗಡಿ ದಾಟಿತು. 1963ರ ಆಗಸ್ಟಿನಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿತ್ತು. ಅದರ ಶ್ರೇಯದಲ್ಲಿ ರಾಜಾಜಿಗೂ ಪಾಲು ಕೊಡುವವರಿದ್ದಾರೆ. ನನಗೆ ಅದು ಅಭಿಮಾನದ ಮಾತಾಗಿ ಮಾತ್ರ ಕೇಳಿಸುತ್ತದೆ. ಆ ಹೋರಾಟಕ್ಕಾಗಿ ನೊಬೆಲ್ ಪಡೆದ ಲೈನಸ್ ಪಾಲಿಂಗ್ ಸಾವಿರಾರು ವಿಜ್ಞಾನಿಗಳ ಸಹಿ ಸಂಗ್ರಹಿಸಿದ್ದರು, ತಮ್ಮದೇ ಸರ್ಕಾರ ಪಾಸ್‌ಪೋರ್ಟ್ ಕೊಡದೆ ಕಾಡಿದಾಗಲೂ ಸುಮ್ಮನಾಗಿರಲಿಲ್ಲ. ಪರದೇಶದ ದೊರೆಗೆ ಬುದ್ಧಿ ಹೇಳಿದ್ದಕ್ಕೆ ರಾಜಾಜಿ ತಮ್ಮೂರಿನಲ್ಲಿ ಕಳೆದುಕೊಂಡದ್ದೇನೂ ಇಲ್ಲ. ಇಳಿವಯಸ್ಸಿನ ಆ ಪ್ರಯಾಣಕ್ಕೆ ಕೈಮುಗಿಯೋಣ. ಪ್ರಶಸ್ತಿಗೆ ಅಷ್ಟು ಸಾಲದು.

ಅವರು ನಿಜಕ್ಕೂ ಕಳೆದುಕೊಂಡದ್ದು 1942ರಲ್ಲಿ. ಮುಸ್ಲಿಂ ಲೀಗಿನ ಪ್ರತ್ಯೇಕ ರಾಷ್ಟ್ರದ ಬೇಡಿಕೆಯನ್ನು ಮಾತುಕತೆಗೆ ಒಪ್ಪಿಕೊಳ್ಳಬೇಕು ಎಂದು ಆ ಏಪ್ರಿಲ್‌ನಲ್ಲಿ ಮದ್ರಾಸಿನ ಕಾಂಗ್ರೆಸ್ ಶಾಸಕರಿಂದ ನಿರ್ಣಯ ಮಾಡಿಸಿದರು. ಅಲಹಾಬಾದಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ 120–15 ಮತಗಳಿಂದ ಅದನ್ನು ತಳ್ಳಿಹಾಕಿತು. ಜುಲೈನಲ್ಲಿ ಪಕ್ಷವನ್ನೂ ಶಾಸಕ ಸ್ಥಾನವನ್ನೂ ಬಿಟ್ಟರು. ಆಗಸ್ಟಿನಲ್ಲಿ ದೇಶವೆಲ್ಲ ‘ಕ್ವಿಟ್ ಇಂಡಿಯಾ’ ಎನ್ನುವಾಗ ಇವರು ಬೇಡ ಎಂದರು. ಹಲವು ಸಲ ಜೈಲು ಕಂಡಿದ್ದ ಮನುಷ್ಯ ಹೇಡಿ, ದ್ರೋಹಿ ಅನ್ನಿಸಿಕೊಂಡರು. ಮುಂದೆ ಕಾಂಗ್ರೆಸ್ಸಿಗೆ ಮರಳಿದಾಗ ಸ್ವಂತ ನಾಡಿನ ಪಕ್ಷದವರೇ ಅಡ್ಡ ನಿಂತರು.

ಲೀಗಿನೊಂದಿಗೆ ರಾಜಿಗಾಗಿ ಅವರು ರೂಪಿಸಿದ ಸೂತ್ರ 1944ರಲ್ಲಿ ಬಹಿರಂಗವಾಯಿತು. ಸ್ವಾತಂತ್ರ್ಯದ ಬೇಡಿಕೆಗೆ ಲೀಗ್ ಕೈಜೋಡಿಸಬೇಕು. ಯುದ್ಧ ಮುಗಿದ ಮೇಲೆ ವಾಯವ್ಯ ಮತ್ತು ಪೂರ್ವದಲ್ಲಿ ಮುಸ್ಲಿಮರು ಹೆಚ್ಚಿರುವ ಜಿಲ್ಲೆಗಳನ್ನು ಗುರುತಿಸಿ ಅಲ್ಲಿನ ಎಲ್ಲ ನಿವಾಸಿಗಳ ಮತ ಕೇಳಬೇಕು. ಬೇರೆಯಾದರೂ ರಕ್ಷಣೆ, ವ್ಯಾಪಾರ, ಸಂಪರ್ಕಗಳಿಗೆ ಒಪ್ಪಂದವಿರಬೇಕು. ಗಾಂಧೀಜಿ ಅದನ್ನು ಹಿಡಿದು ಆ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಜಿನ್ನಾ ಮನೆಗೆ ದಿನಗಟ್ಟಲೆ ನಡೆದರು. ಜಿನ್ನಾ ಒಪ್ಪಲಿಲ್ಲ.

ಮೂರು ವರ್ಷಕ್ಕೆ ಬಂದ ಗಡಿಯಲ್ಲಿ ಪಂಜಾಬ್, ಬಂಗಾಳ ಎರಡೂ ಸೀಳಿದವು. ರಾಜಾಜಿ ಸೂತ್ರದ ನಕ್ಷೆಗೂ ಅದಕ್ಕೂ ಬಹಳ ವ್ಯತ್ಯಾಸವಿರಲಿಲ್ಲ. ಜಿಲ್ಲೆಗಳ ಜನಮತ ಮತ್ತು ಮುನ್ನೊಪ್ಪಂದ ಮಾತ್ರ ಇರಲಿಲ್ಲ. ರಾಡ್‌ಕ್ಲಿಫ್ ಐದಾರು ವಾರದಲ್ಲಿ ಗೆರೆ ಎಳೆದರು, ಲಕ್ಷಾಂತರ ಜನ ಸತ್ತರು. ದೇಶವಿಭಜನೆಗೆ ಮೊದಲು ಬಾಗಿಲು ತೆರೆದವರೇ ರಾಜಾಜಿ ಎಂಬ ಆಪಾದನೆ ಇಂದಿಗೂ ಇದೆ. ಬಾಗಿಲು ಮುಚ್ಚಿಟ್ಟವರು ಉಳಿಸಿದ್ದೇನು ಎಂದು ತಿರುಗಿ ಕೇಳಬೇಕಾಗುತ್ತದೆ.

ಇನ್ನು ಅವರ ವಿರುದ್ಧದ ಸಾಕ್ಷ್ಯ. ಅದು ಕನ್ನಡಿಗರಿಗೆ ನೇರವಾಗಿ ತಟ್ಟುವಂಥದ್ದು. 1938ರಲ್ಲಿ ಮದ್ರಾಸ್ ಪ್ರಾಂತದ ಪ್ರಧಾನಿಯಾಗಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದವರು ಇದೇ ರಾಜಾಜಿ. ಮಂಗಳೂರು, ಕಾಸರಗೋಡು, ಬಳ್ಳಾರಿ ಆಗ ಆ ಪ್ರಾಂತದಲ್ಲೇ ಇದ್ದವು. ವಿರೋಧಿಸಿದ ಸಾವಿರಕ್ಕೂ ಹೆಚ್ಚು ಜನರ ಮೇಲೆ ಬ್ರಿಟಿಷರು ಸತ್ಯಾಗ್ರಹಿಗಳ ಮೇಲೆ ಬಳಸುತ್ತಿದ್ದ ಕ್ರಿಮಿನಲ್ ಕಾಯ್ದೆಯನ್ನೇ ಹಾಕಿಸಿದರು. ಸೆರೆ ಸೇರಿದ ನಟರಾಜನ್, ತಾಳಮುತ್ತು 1939ರಲ್ಲಿ ತೀರಿಕೊಂಡರು. 1965ರ ಹೊತ್ತಿಗೆ ರಾಜಾಜಿ ಹಿಂದಿ ವಿರೋಧಿಗಳ ಸಾಲಿನಲ್ಲೇ ನಿಂತಿದ್ದರು, ನಿಜ. ಆದರೆ ಅಧಿಕಾರ ಕೈಯಲ್ಲಿದ್ದಾಗ ನಡೆದುಕೊಂಡ ರೀತಿಗೆ ಅಧಿಕಾರ ಹೋದ ಮೇಲಿನ ವಿವೇಕ ಜಾಮೀನಾಗದು. 2017ರಲ್ಲಿ ನಮ್ಮ ಮೆಟ್ರೊ ಬೋರ್ಡುಗಳ ಹಿಂದಿಯ ಮೇಲೆ ಸಿಟ್ಟಾದ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಇಡೀ ಬಾಳನ್ನೇ ತೂಗಬೇಕೆ? ಹಾಗೆ ತೂಗಿದರೆ ಯಾವ ರಾಜಕಾರಣಿಯೂ ಉಳಿಯುವುದಿಲ್ಲ. ತೂಗದೆ ಕೊಟ್ಟರೂ ಎಡವಟ್ಟೇ: ಇಥಿಯೋಪಿಯಾದ ಅಬಿ ಅಹ್ಮದ್ 2019ರಲ್ಲಿ ನೊಬೆಲ್ ಪಡೆದರು, ಮರುವರ್ಷವೇ ಟಿಗ್ರೇಗೆ ಸೈನ್ಯ ನುಗ್ಗಿಸಿದರು. ಅಧಿಕಾರಕ್ಕೆ ಬಂದು ವರ್ಷ ತುಂಬುವ ಮೊದಲೇ 2009ರಲ್ಲಿ ಒಬಾಮಾಗೆ ಕೊಟ್ಟದ್ದು ಭರವಸೆಗೆ ಸಿಕ್ಕ ಮುಂಗಡ. ಈ ದೃಷ್ಟಿಯಿಂದ ದಿವಂಗತರಿಗೆ ಕೊಡುವುದೇ ಕ್ಷೇಮ. 1972ರ ಡಿಸೆಂಬರ್ 25ಕ್ಕೆ ರಾಜಾಜಿಯ ಖಾತೆ ಮುಗಿದಿದೆ, ಇನ್ನು ಅದರಲ್ಲಿ ಯಾರೂ ಜಮೆ ಖರ್ಚು ಬರೆಯಲಾರರು.

ನನ್ನ ಅಳತೆಗೋಲು ಇಷ್ಟೇ: ತನ್ನವರೇ ಕೆರಳಿ ನಿಂತಿರುವಾಗ ಎದುರಾಳಿಯ ಜೊತೆ ಮಾತಾಡೋಣ ಎಂದು ಹೇಳಿ, ಅದರ ಬೆಲೆಯನ್ನು ಸ್ವಂತ ಕುರ್ಚಿಯಿಂದ ತೆತ್ತವರು ಯಾರು? 1964ರ ಮೇ ತಿಂಗಳಲ್ಲಿ, ಜೈಲಿನಿಂದ ಆಗಷ್ಟೇ ಹೊರಬಂದಿದ್ದ ಶೇಖ್ ಅಬ್ದುಲ್ಲಾ ಕಾಶ್ಮೀರದ ಬಗ್ಗೆ ಮಾತಾಡಲು ಮದ್ರಾಸಿಗೆ ಹುಡುಕಿಕೊಂಡು ಬಂದದ್ದು ಇದೇ ಮುದುಕನನ್ನು. ಈ ಅಳತೆಯಲ್ಲಿ ರಾಜಾಜಿ ಗೆಲ್ಲುತ್ತಾರೆ. ಗಾಂಧಿ ಶಾಂತಿ ಪ್ರಶಸ್ತಿ ಅವರಿಗೆ ಸಲ್ಲಬೇಕು. ಬಿನ್ನವತ್ತಳೆಯಲ್ಲಿ 1942ರಿಂದ 44ರವರೆಗಿನದು ಮೊದಲು ಬರಲಿ, ವಾಷಿಂಗ್ಟನ್ ಕೊನೆಗಿರಲಿ, 1938ನ್ನು ಯಾರೂ ಅಳಿಸದಿರಲಿ.